ಏಳನೇ ಕಂಬಿಯ ಎಸ್ತರ್

ನಮ್ಮ ಥಾರ್ನ್‌ಕ್ಲಫ್ ಪೇಟೆಯಲ್ಲಿ ನಿಂತು ಎಸ್ತರ್ ಕ್ಲೆಗ್ ಎಂಬವಳ ಮನೆ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಏಳನೇ ಕಂಬಿ ಎಸ್ತರ್ ಎಂದರೆ ಮಾತ್ರ ಮೀನಿನಂಗಡಿಯವನು ಕೈಯಲ್ಲಿದ್ದ ಚಾಕು ಕೆಳಗಿಟ್ಟು, ಹೊರಗೆ ಬಂದು, ದಾರಿ ತೋರಿಸಿ ಹೋಗುತ್ತಿದ್ದ.

ಊರಿನ ರೋವರ್ಸ್ ತಂಡದ ಫುಟ್‌ಬಾಲ್ ಮೈದಾನದ ಒಂದು ಗೋಲಿನ ಹಿಂದೆ, ಹಳೆಯ ಗ್ಯಾಸ್ ಕಾರ್ಖಾನೆಯ ಗೋಡೆಗೆ ಬೆನ್ನು ಕೊಟ್ಟು, ಐವತ್ತೆರಡು ಕಾಂಕ್ರೀಟ್ ಮೆಟ್ಟಿಲುಗಳಿದ್ದವು. ಕೂರುವುದಕ್ಕಲ್ಲ, ನಿಂತು ಆಟ ನೋಡುವುದಕ್ಕೆ. ಊರಿನವರು ಅದನ್ನು ಗ್ಯಾಸ್ ಮೂಲೆ ಎನ್ನುತ್ತಿದ್ದರು. ಐದು ಸಾವಿರ ಜನ ಅಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದರು. ಹಿಂದಿನವರ ಭಾರವೆಲ್ಲ ಮುಂದಿನವರ ಮೇಲೆ ಬೀಳದಿರಲೆಂದು ಅಲ್ಲಲ್ಲಿ ಸೊಂಟದೆತ್ತರದ ಕಬ್ಬಿಣದ ಅಡ್ಡಕಂಬಿಗಳನ್ನು ನೆಟ್ಟಿದ್ದರು. ಕೆಳಗಿನಿಂದ ಎಣಿಸಿದರೆ ಏಳನೆಯದು ಎಸ್ತರಳದು. ಯಾರೂ ಬರೆದುಕೊಟ್ಟದ್ದಲ್ಲ. 1947ರಿಂದ ಶನಿವಾರ ಬಿಟ್ಟು ಶನಿವಾರ ಅವಳು ಅಲ್ಲೇ ನಿಂತಿದ್ದಳು, ಅಷ್ಟೇ. ಕ್ಲಬ್ಬಿನವರು ಮೂರು ವರ್ಷಕ್ಕೊಮ್ಮೆ ಆ ಕಂಬಿಗಳಿಗೆ ನೀಲಿ ಬಣ್ಣ ಹೊಡೆಸುತ್ತಿದ್ದರು. ಕ್ರಿಸ್‌ಮಸ್ ಬರುವಷ್ಟರಲ್ಲಿ ಏಳನೆಯದರಲ್ಲಿ ಎರಡು ಅಂಗೈಯಗಲ ಬಣ್ಣ ಎದ್ದುಹೋಗಿ ಕಬ್ಬಿಣ ಹೊಳೆಯುತ್ತಿತ್ತು.

ಎಸ್ತರ್ ಹದಿನಾಲ್ಕಕ್ಕೆ ಸೇತುವೆ ಪಕ್ಕದ ಗಿರಣಿಗೆ ನೇಯುವ ಕೆಲಸಕ್ಕೆ ಸೇರಿದವಳು. ಒಂದೇ ಸೂರಿನ ಕೆಳಗೆ ನಾನೂರು ಮಗ್ಗ. ಲಾಳಿ ಅತ್ತಿಂದಿತ್ತ ಬಡಿಯುವ ಸದ್ದಿನಲ್ಲಿ ಪಕ್ಕದವಳು ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಕೇಳುತ್ತಿರಲಿಲ್ಲ. ಹಾಗಾಗಿ ಅಲ್ಲಿಯ ಹೆಂಗಸರು ದನಿಯನ್ನೇ ಬಿಟ್ಟು, ತುಟಿಗಳನ್ನು ದೊಡ್ಡದಾಗಿ ಆಡಿಸಿ ಮಾತಾಡುತ್ತಿದ್ದರು. ಅದಕ್ಕೆ ಮಗ್ಗದ ಮಾತು ಎಂದು ಹೆಸರು. ಶೆಡ್ಡಿನ ಈ ತುದಿಯಿಂದ ಆ ತುದಿಗೆ ಯಾರ ಗಂಡ ಕುಡಿದು ಬಂದ, ಯಾರ ಮಗಳು ಯಾರ ಜೊತೆ ನೃತ್ಯಕ್ಕೆ ಹೋದಳು ಎಂಬುದೆಲ್ಲ ಸದ್ದಿಲ್ಲದೆ ದಾಟುತ್ತಿತ್ತು. ಮನೆಗೆ ಬಂದ ಮೇಲೂ ಆ ತುಟಿಗಳು ಸುಮ್ಮನಿರುತ್ತಿರಲಿಲ್ಲ. ಎಸ್ತರಳ ಮಗಳು ಜಾನೆಟ್ ಇಂಗ್ಲಿಷಿಗಿಂತ ಮೊದಲು ಮಗ್ಗದ ಮಾತು ಕಲಿತಳು ಎಂದು ನೆಂಟರು ನಗುತ್ತಿದ್ದರು.

ಗಿರಣಿ ಕೂಲಿ ಕೊಟ್ಟಿತು, ಕಿವಿ ತೆಗೆದುಕೊಂಡಿತು. ಮೊದಲು ಹಕ್ಕಿಗಳ ಸದ್ದು ಹೋಯಿತು. ಆಮೇಲೆ ಕೆಟಲಿನ ಸಿಳ್ಳೆ, ಬಾಗಿಲು ಬಡಿಯುವುದು. 1964ರ ಚಳಿಗಾಲದಲ್ಲಿ ಹನ್ನೆರಡು ವರ್ಷದ ಜಾನೆಟಳ ದನಿಯೂ ಹೋಯಿತು. ಎಲ್ಲಕ್ಕಿಂತ ಕೊನೆಗೆ ಹೋದದ್ದು ಅದೇ. ಡಾಕ್ಟರು ಕಿವಿಗೊಂದು ಯಂತ್ರ ಕೊಟ್ಟರು. ಅದರಲ್ಲಿ ಬಾಣಲೆಯಲ್ಲಿ ಏನೋ ಹುರಿದಂತೆ ಚಟಪಟ ಬಿಟ್ಟರೆ ಮತ್ತೇನೂ ಬರಲಿಲ್ಲ. ಎಸ್ತರ್ ಅದನ್ನು ಗುಂಡಿಗಳ ಡಬ್ಬಿಯಲ್ಲಿ ಹಾಕಿಟ್ಟಳು.

ಕಿವಿ ಹೋದ ಮೇಲಿನ ಮೊದಲ ಪಂದ್ಯಕ್ಕೆ ಅವಳು ಹೋದದ್ದು ಒಲ್ಲದ ಮನಸ್ಸಿನಿಂದ. ಗಂಡ ಅರ್ನೆಸ್ಟ್ ಶನಿವಾರವಿಡೀ ತಾನು ಸಾಕಿದ ಪಾರಿವಾಳಗಳ ಹಿಂದೆ ಬೀಳುವವನು, ಮನೆಯಲ್ಲಿದ್ದೂ ಮಾಡುವುದೇನು ಎಂದು ಹೊರಟಳು. ಗಾಜಿನ ತೊಟ್ಟಿಯ ಮೀನುಗಳನ್ನು ನೋಡಿದಂತಿರುತ್ತದೆ, ಅರ್ಧಕ್ಕೇ ಹೊರಟುಬಂದರಾಯಿತು ಎಂದುಕೊಂಡಿದ್ದಳು. ಚಳಿಗೆ ಕೈ ಮರಗಟ್ಟಿದ್ದರೂ ರೂಢಿಯಂತೆ ಎರಡೂ ಅಂಗೈಯನ್ನು ಕಂಬಿಯ ಮೇಲಿಟ್ಟಳು. ಇಟ್ಟವಳು ತೆಗೆಯಲಿಲ್ಲ.

ಕಂಬಿ ಹಾಡುತ್ತಿತ್ತು. ಹಿಂದೆ ತಗಡಿನ ಚಾವಣಿಯ ಕೆಳಗೆ ಐದು ಸಾವಿರ ಜನ ಬಾಯಿ ತೆರೆದು ಹಾಡುತ್ತಿದ್ದದ್ದು ಕಾಂಕ್ರೀಟಿಗಿಳಿದು, ಕಾಂಕ್ರೀಟಿನಿಂದ ಕಬ್ಬಿಣಕ್ಕೇರಿ, ಅವಳ ಮೊಣಕೈವರೆಗೆ ಬರುತ್ತಿತ್ತು. ಅಂಗಾಲಿನಲ್ಲಿ ತಾಳ, ಅಂಗೈಯಲ್ಲಿ ರಾಗ. ಹಾಡು ಯಾವುದೆಂದು ಕೂಡ ಅವಳಿಗೆ ಗೊತ್ತಾಯಿತು. ಎಡಕ್ಕೆ ನಿಂತವನ ಪಕ್ಕೆ, ಬೆನ್ನಿಗೆ ಹತ್ತಿದವನ ಎದೆ, ಎಲ್ಲವೂ ಅದೇ ಹಾಡಿಗೆ ನಡುಗುತ್ತಿದ್ದವು. ನಮ್ಮ ಆಟಗಾರ ಚೆಂಡಿನೊಂದಿಗೆ ಗೋಲಿನತ್ತ ನುಗ್ಗಿದಾಗ ಇನ್ನೂ ವಿಚಿತ್ರವಾದದ್ದೊಂದು ನಡೆಯಿತು. ಹಾಡು ನಿಂತು, ಸುತ್ತಲಿನ ಮೈಗಳೆಲ್ಲ ಒಟ್ಟಿಗೆ ಉಬ್ಬಿದವು. ಐದು ಸಾವಿರ ಜನ ಒಂದೇ ಸಲಕ್ಕೆ ಉಸಿರು ಒಳಗೆಳೆದುಕೊಂಡಿದ್ದರು. ಕಿವಿ ಇದ್ದಾಗ ಅವಳು ಇದನ್ನು ಎಂದೂ ಗಮನಿಸಿರಲಿಲ್ಲ. ಕಿವಿಯಿದ್ದವರಿಗೆ ಕೂಗು ಮಾತ್ರ ಕೇಳುತ್ತದೆ, ಕೂಗಿನ ಮುಂಚಿನ ಉಸಿರು ಕೇಳುವುದಿಲ್ಲ. ಎಸ್ತರ್ ಅಲ್ಲೇ ನಿಂತು ಅತ್ತಳು. ಪಕ್ಕದಲ್ಲಿದ್ದವರು ಚೆಂಡು ಕಂಬಕ್ಕೆ ಬಡಿದು ಹೊರಹೋಯಿತೆಂದು ಅಳುತ್ತಿದ್ದಾಳೆ ಎಂದುಕೊಂಡರು.

ಇದನ್ನು ಅವಳು ಒಬ್ಬನಿಗೆ ಮಾತ್ರ ಹೇಳಿದಳು. ಎಡಕ್ಕೆ ನಿಲ್ಲುತ್ತಿದ್ದ ವಿಲ್ಫ್ ಆಗ್ಡನ್‌ಗೆ. ಅವನು ಅದೇ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದವನು, ಹಾಗಾಗಿ ಅವನಿಗೂ ಮಗ್ಗದ ಮಾತು ಬರುತ್ತಿತ್ತು. ಉಳಿದವರಿಗೆ ಹೇಳಲು ನಾಚಿಕೆ. ಕಿವುಡಿ ಕಬ್ಬಿಣ ಹಿಡಿದುಕೊಂಡು ಹಾಡು ಕೇಳುತ್ತಾಳಂತೆ ಎಂದು ಊರೆಲ್ಲ ಆಡಿಕೊಂಡರೆ ಏನು ಗತಿ? ಮಗಳಿಗೂ ಹೇಳಲಿಲ್ಲ. ಅಮ್ಮನಿಗೆ ಆಟದ ಹುಚ್ಚು ಎಂದೇ ಜಾನೆಟ್ ತಿಳಿದಿದ್ದಳು.

ಕಿವಿ ಹೋದರೂ ಎಸ್ತರಳ ಕಣ್ಣು ಹದ್ದಿನ ಕಣ್ಣು. ಮೈದಾನದಲ್ಲಿ ಆಟಗಾರರು ಆಡಿಕೊಳ್ಳುವ ಮಾತನ್ನೆಲ್ಲ ತುಟಿ ನೋಡಿಯೇ ಹೇಳಿಬಿಡುತ್ತಿದ್ದಳು. ರೆಫರಿ ನಮ್ಮ ನಾಯಕನಿಗೆ ಏನೆಂದು ಬೈದ, ನಾಯಕ ಬೆನ್ನು ತಿರುಗಿಸಿ ಏನೆಂದು ಗೊಣಗಿದ ಎಂಬ ಸುದ್ದಿ ಏಳನೇ ಕಂಬಿಯಿಂದ ಹೊರಟು ಅರೆಗಳಿಗೆಯಲ್ಲಿ ಗ್ಯಾಸ್ ಮೂಲೆಯ ಮೇಲಿನ ಮೆಟ್ಟಿಲು ಮುಟ್ಟುತ್ತಿತ್ತು. ಅವಳ ಮಾತನ್ನು ಜನ ಅಷ್ಟು ನಂಬುತ್ತಿದ್ದುದರಿಂದಲೇ 1971ರ ಆ ಎಡವಟ್ಟು ಆದದ್ದು.

ಎದುರಾಳಿಗೆ ಪೆನಾಲ್ಟಿ ಸಿಕ್ಕಿತ್ತು, ನಮ್ಮ ಮೂಲೆಯ ಗೋಲಿಗೇ. ಅವರ ನಾಯಕ ಚೆಂಡಿಟ್ಟವನ ಹತ್ತಿರ ಬಂದು ಎರಡೇ ಶಬ್ದ ಹೇಳಿ ಹೋದ. ಎಸ್ತರ್ ವಿಲ್ಫ್‌ನತ್ತ ತಿರುಗಿ, "ಎಡಕ್ಕೆ ಹೊಡಿ ಅಂದ ಕಣೋ," ಎಂದಳು. ಅಷ್ಟೇ ಸಾಕಾಯಿತು. ಇಡೀ ಗ್ಯಾಸ್ ಮೂಲೆ "ಎಡಕ್ಕೆ! ಎಡಕ್ಕೆ!" ಎಂದು ಗಂಟಲು ಹರಿದುಕೊಂಡಿತು. ನಮ್ಮ ಗೋಲ್‌ಕೀಪರ್ ಪಾಪ, ಜನರ ಮಾತು ಕೇಳುವ ಒಳ್ಳೆಯವನು, ತನ್ನ ಎಡಕ್ಕೆ ಹಾರಿದ. ಚೆಂಡು ಆರಾಮವಾಗಿ ಬಲಗಡೆಯಿಂದ ಒಳಗೆ ಉರುಳಿತು. ನಮ್ಮತ್ತ ಮುಖ ಮಾಡಿ ನಿಂತವನ ಎಡ ನಮಗೆ ಬಲ ಎಂಬುದು ಐದು ಸಾವಿರ ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಗೋಲ್‌ಕೀಪರ್ ಎದ್ದು, ಮಣ್ಣು ಕೊಡವಿ, ನಮ್ಮ ಕಡೆ ತಿರುಗಿ ಏನೋ ಅಂದ.

"ಏನಂದ ಅವ್ನು?" ಎಂದು ವಿಲ್ಫ್ ಕೇಳಿದ.

"ಭಾನುವಾರ ಚರ್ಚಿಗೆ ಹೋಗೋ ಜನ ಕೇಳೋ ಮಾತಲ್ಲ," ಎಂದಳು ಎಸ್ತರ್.

ಆಮೇಲೆ ಮೂರು ಪಂದ್ಯದವರೆಗೆ ಅಲ್ಲಿ ಕೈಯಿಂದ ಕೈಗೆ ದಾಟುತ್ತಿದ್ದ ಪುದೀನಾ ಮಿಠಾಯಿಯನ್ನು ಅವಳಿಗೆ ಯಾರೂ ಕೊಡಲಿಲ್ಲ. ನಾಲ್ಕನೆಯದಕ್ಕೆ ಹಿಂದಿನಿಂದ ಒಂದು ದಪ್ಪ ಕಪ್ಪು ಕೈ ಬಂದು ಅವಳ ಜೇಬಿಗೆ ಇಡೀ ಪೊಟ್ಟಣವನ್ನೇ ತುರುಕಿತು. ಅದು ಸಿಡ್‌ನ ಕೈ. ಸಿಡ್ ಮನೆಮನೆಗೆ ಕಲ್ಲಿದ್ದಲಿನ ಚೀಲ ಹೊರುವವನು. ಎಷ್ಟು ತಿಕ್ಕಿದರೂ ಅವನ ಉಗುರು ಬೆಳ್ಳಗಾಗುತ್ತಿರಲಿಲ್ಲ. ಎಸ್ತರಳ ಬೆನ್ನ ಹಿಂದೆ ಗೋಡೆ ಎಂದರೆ ಅವನೇ.

ಜನ ಹೀಗೆ ಒತ್ತೊತ್ತಾಗಿ ನಿಲ್ಲುವುದಕ್ಕೆ ಇನ್ನೊಂದು ಮುಖವೂ ಇತ್ತು, ಅದನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. 1967ರ ಕಪ್ ಪಂದ್ಯದ ದಿನ ಐದು ಸಾವಿರದ ಜಾಗಕ್ಕೆ ಏಳು ಸಾವಿರ ಬಂದಿದ್ದರು. ಗೋಲು ಬಿದ್ದಾಗ ಮೇಲಿನಿಂದ ಬಂದ ನೂಕಿಗೆ ಎಸ್ತರಳ ಕಾಲು ನೆಲ ಬಿಟ್ಟಿತು. ಕಂಬಿ ಹೊಟ್ಟೆಗೆ ಒತ್ತಿ ಉಸಿರು ನಿಂತೇಹೋಯಿತು. ಸಿಡ್ ತನ್ನೆರಡು ಕೈಯನ್ನು ಅವಳ ಆಚೀಚೆ ಕಂಬಿಗೆ ಊರಿ, ಅಷ್ಟು ಜನರ ಭಾರವನ್ನು ಬೆನ್ನಲ್ಲಿ ತಡೆದು ನಿಂತ. ಅವನ ಮುಖ ಬೆಂದ ಬೀಟ್‌ರೂಟಿನಂತಾಗಿತ್ತು. ಎಸ್ತರಳ ಎರಡು ಪಕ್ಕೆಲುಬು ಮುರಿದವು, ಜೀವ ಉಳಿಯಿತು. ಮನೆಯಲ್ಲಿ ಮೆಟ್ಟಿಲು ಜಾರಿ ಬಿದ್ದೆ ಎಂದಳು. ಸುಳ್ಳು ಎಂಟು ದಿನ ಬಾಳಿತು. ಡಾಕ್ಟರರ ಬಾಯಿಯಿಂದ ನಿಜ ತಿಳಿದ ಜಾನೆಟ್ ತಿಂಗಳುಗಟ್ಟಲೆ ಮುಖ ಗಂಟಿಕ್ಕಿಕೊಂಡಿದ್ದಳು.

ಜಾನೆಟಳಿಗೆ ಮೊದಲಿನಿಂದಲೂ ಗ್ಯಾಸ್ ಮೂಲೆ ಎಂದರೆ ಭಯ. ಅಲ್ಲಿ ಹಿಂದಿನ ಮೆಟ್ಟಿಲಲ್ಲಿ ನಿಂತ ಮಕ್ಕಳಿಗೆ ಏನೂ ಕಾಣದು ಎಂದು, ಅವರನ್ನು ಎತ್ತಿ ತಲೆಗಳ ಮೇಲಿಂದ ಕೈಯಿಂದ ಕೈಗೆ ದಾಟಿಸಿ ಮುಂದಿನ ಗೋಡೆಯ ಹತ್ತಿರ ಇಳಿಸುವುದು ರೂಢಿ. "ಮಗು ಬಂತು, ಕೈ ಮೇಲೆ!" ಎಂದು ಒಬ್ಬ ಕೂಗಿದರೆ ಕೆಳಗಿನವರೆಲ್ಲ ತಿರುಗಿ ನೋಡದೆಯೇ ಕೈ ಎತ್ತುತ್ತಿದ್ದರು. ಎಸ್ತರಳನ್ನು ಅವಳಪ್ಪ 1933ರಲ್ಲಿ ಹಾಗೆ ದಾಟಿಸಿದ್ದ. ಆಕಾಶ ನೋಡುತ್ತ ಮಲಗಿಕೊಂಡು ಬಂದೆ, ರಾಣಿಗೂ ಅಂಥ ಹಾಸಿಗೆ ಇರಲಿಲ್ಲ ಎಂದು ಹೇಳಿಕೊಳ್ಳುತ್ತಿದ್ದಳು. ಅದೇ ಸುಖ ಮಗಳಿಗೂ ಸಿಗಲಿ ಎಂದು 1958ರಲ್ಲಿ ಆರು ವರ್ಷದ ಜಾನೆಟಳನ್ನು ದಾಟಿಸಿದಳು. ಜಾನೆಟಳಿಗೆ ನೆನಪಿದ್ದದ್ದು ಆಕಾಶವಲ್ಲ, ಕೆಳಗಿಳಿದು ತಿರುಗಿ ನೋಡಿದಾಗ ಸಾವಿರ ಮುಖಗಳಲ್ಲಿ ಅಮ್ಮನ ಮುಖ ಕಾಣದಿದ್ದದ್ದು.

1989ರಲ್ಲಿ ಶೆಫೀಲ್ಡಿನಲ್ಲಿ ಆದದ್ದನ್ನು ತಾಯಿ ಮಗಳು ಒಟ್ಟಿಗೇ ಟಿವಿಯಲ್ಲಿ ನೋಡಿದರು. ಪಂದ್ಯಕ್ಕೆಂದು ಹೋದ ತೊಂಬತ್ತಕ್ಕೂ ಹೆಚ್ಚು ಜನ ಇಂಥದ್ದೇ ಮೆಟ್ಟಿಲುಗಳ ಮೇಲೆ ನೂಕುನುಗ್ಗಲಿಗೆ ಸಿಕ್ಕಿ ಮನೆಗೆ ಬರಲಿಲ್ಲ. ಎಸ್ತರ್ ಆ ರಾತ್ರಿ ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತ ಕೂತಿದ್ದಳು. ತನ್ನನ್ನು ಹೊತ್ತ ಜನವೂ ಇದೇ, ಕೊಲ್ಲುವಷ್ಟು ಭಾರವೂ ಇದರದ್ದೇ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಮೆಟ್ಟಿಲು ಒಡೆದು ಆಸನ ಹಾಕಬೇಕು ಎಂಬ ಕಾನೂನು ಬಂದಾಗ ಊರಿನ ಗಂಡಸರು ಪಬ್ಬಿನಲ್ಲಿ ಮೇಜು ಗುದ್ದಿದರು. ಎಸ್ತರ್ ಗುದ್ದಲಿಲ್ಲ. ಒಳಗೊಳಗೇ ಕುಗ್ಗಿದಳು.

ನಮ್ಮೂರಿನ ಸರದಿ 1994ರಲ್ಲಿ ಬಂತು. ಮೇ ಏಳನೇ ತಾರೀಕಿನ ಪಂದ್ಯವೇ ಗ್ಯಾಸ್ ಮೂಲೆಯ ಕೊನೆಯ ಪಂದ್ಯ, ಸೋಮವಾರ ಒಡೆಯುವ ಯಂತ್ರಗಳು ಬರುತ್ತವೆ ಎಂದು ಕ್ಲಬ್ಬು ಸಾರಿತು. ಅಷ್ಟರಲ್ಲಿ ಎಸ್ತರ್ ಫೆಬ್ರವರಿಯ ಹಿಮದಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಳು. ಆಸ್ಪತ್ರೆಯ ಮಂಚದ ಪಕ್ಕ ಕೂತು ಜಾನೆಟ್ ಅವಳಿಂದ ಮಾತು ತೆಗೆದುಕೊಂಡಳು.

"ಇನ್ನು ಆ ಮೆಟ್ಟಿಲು ಹತ್ತಲ್ಲ ಅಂತ ಹೇಳಮ್ಮ. ನನ್ನ ಮುಖ ನೋಡಿ ಹೇಳು."

ನೋವಿನ ಮಾತ್ರೆಯ ಮಂಪರಿನಲ್ಲಿ ಎಸ್ತರ್, "ಹತ್ತಲ್ಲ ಕಣೆ," ಎಂದಿದ್ದಳು. ಆಡಿದ ಮಾತು ಮುರಿಯುವ ಹೆಂಗಸಲ್ಲ ಅವಳು. ಅರವತ್ತೆಂಟರ ವಯಸ್ಸಿನವರೆಗೆ ಆ ಪಕ್ಕೆಲುಬಿನ ಸುಳ್ಳೊಂದು ಬಿಟ್ಟರೆ ಮಗಳಿಗೆ ಮೋಸ ಮಾಡಿದ್ದಿಲ್ಲ. ಕೊನೆಯ ಪಂದ್ಯದ ದಿನ ಬಂದಾಗ ಅವಳಿಗೆ ಒಂದೇ ಒಂದು ಆಸೆಯಿತ್ತು, ಇನ್ನೊಂದು ಸಲ ಆ ಕಂಬಿಯ ಮೇಲೆ ಕೈಯಿಡಬೇಕು. ಅದನ್ನು ಬಾಯಿಬಿಟ್ಟು ಕೇಳಲೂ ಇಲ್ಲ.

ಜಾನೆಟ್ ಪ್ರೀತಿಯಿಂದಲೇ ಎರಡು ಆಸನದ ಟಿಕೆಟ್ ತಂದಿದ್ದಳು. ಪಕ್ಕದ ಸ್ಟ್ಯಾಂಡಿನಲ್ಲಿ, ಗ್ಯಾಸ್ ಮೂಲೆಗೆ ತಾಗಿದ ತುದಿಯಲ್ಲೇ. "ಹತ್ತಿರದಿಂದ್ಲೇ ಕಾಣತ್ತೆ ಅಮ್ಮ, ನಿನ್ನ ಸ್ನೇಹಿತರೂ ಕಾಣ್ತಾರೆ," ಎಂದಳು.

ಆಸನದಲ್ಲಿ ಸುಖವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೆನ್ನಿಗೆ ಒರಗು, ತಲೆಯ ಮೇಲೆ ಸೋರದ ಸೂರು, ಕಾಲು ಚಾಚಲು ಜಾಗ. ಹೆಂಗಸರಿಗೆಂದೇ ಕಟ್ಟಿದ ಶೌಚಾಲಯ, ಅದರಲ್ಲಿ ಸೋಪು. ಗ್ಯಾಸ್ ಮೂಲೆಯಲ್ಲಿ ಹೆಂಗಸರಿಗೆ ಅಂಥದ್ದೇನೂ ಇರಲಿಲ್ಲ. ನಲವತ್ತೇಳು ವರ್ಷ ಎಸ್ತರ್ ಪಂದ್ಯದ ದಿನ ಬೆಳಗಿನಿಂದ ಚಹ ಕುಡಿದವಳಲ್ಲ. ಅವತ್ತು ಎರಡು ಕಪ್ ಕುಡಿದು, ಬಿಸಿ ಮಾಂಸದ ಪೈ ತಿಂದು, ಮಡಿಲ ಮೇಲೆ ಕರವಸ್ತ್ರ ಹಾಸಿಕೊಂಡು ದೊಡ್ಡ ಮನೆಯವರ ಹಾಗೆ ಕೂತಳು. ಆಮೇಲೆ ಬಲಕ್ಕೆ ತಿರುಗಿ ಗ್ಯಾಸ್ ಮೂಲೆಯನ್ನು ನೋಡಿದಳು.

ಅಷ್ಟು ವರ್ಷ ಅದರ ಹೊಟ್ಟೆಯೊಳಗೆ ನಿಂತವಳು, ಹೊರಗಿನಿಂದ ಅದನ್ನು ಎಂದೂ ನೋಡಿರಲಿಲ್ಲ. ಕೆಳಗಿನಿಂದ ತಗಡಿನ ಚಾವಣಿಯವರೆಗೆ ಮುಖ, ಮುಖ, ಮುಖ. ನೀಲಿ ಬಿಳಿ ಮಫ್ಲರು. ನೆಲವೇ ಕಾಣುತ್ತಿರಲಿಲ್ಲ. ಚೆಂಡು ಆ ಕಡೆ ಬಂದಾಗ ಇಡೀ ರಾಶಿ ಒಲೆಯ ಮೇಲಿನ ಹಾಲಿನಂತೆ ಉಕ್ಕಿ ಕೆಳಗೆ ಬಂದು, ಚೆಂಡು ಹೋದ ಮೇಲೆ ನಿಧಾನಕ್ಕೆ ಮೇಲೆ ಸರಿಯುತ್ತಿತ್ತು. ಯಾರೂ ಹೇಳಿಕೊಟ್ಟದ್ದಲ್ಲ, ಯಾರೂ ಎಣಿಸಿದ್ದಲ್ಲ. ಬ್ಯಾಂಕಿನವನು, ಬಸ್ಸಿನವನು, ಕೆಲಸ ಹೋದವನು, ನಿನ್ನೆ ಹೆಂಡತಿ ಸತ್ತವನು, ಎಲ್ಲರೂ ಒಂದೇ ಮೈಯಾಗಿ ಬಾಗಿ ಏಳುತ್ತಿದ್ದರು. ಎಸ್ತರಳ ಬಾಯಲ್ಲಿದ್ದ ಪೈ ಅಲ್ಲೇ ಉಳಿಯಿತು. ನಾನು ಇದರೊಳಗಿದ್ದೆನೇ, ಇಷ್ಟು ದೊಡ್ಡದರೊಳಗೆ ನಾನೂ ಒಂದು ಬೆರಳಾಗಿದ್ದೆನೇ ಎಂದು ಅವಳಿಗೆ ಮೈ ಜುಮ್ಮೆಂದಿತು.

ಆದರೆ ಸದ್ದಿಲ್ಲ. ಬಾಯಿಗಳು ತೆರೆದು ಮುಚ್ಚುತ್ತಿದ್ದವು, ಕೈಗಳು ಏಳುತ್ತಿದ್ದವು, ಅವಳಿಗೆ ಏನೂ ಬರುತ್ತಿರಲಿಲ್ಲ. ಮುಂದಿನ ಆಸನದ ಬೆನ್ನನ್ನು ಹಿಡಿದು ನೋಡಿದಳು. ತಣ್ಣನೆಯ ಪ್ಲಾಸ್ಟಿಕ್ಕು, ಸತ್ತಂತೆ ಇತ್ತು. ಬೂಟು ಕಳಚಿ ಅಂಗಾಲನ್ನು ನೆಲಕ್ಕೆ ಊರಿದಳು, ಅಲ್ಲಿಯೂ ಏನೂ ಇಲ್ಲ. ಪಕ್ಕದವನ ತೋಳಿಗೂ ಅವಳ ತೋಳಿಗೂ ನಡುವೆ ಒಂದು ಗೇಣು ಜಾಗ. ಮೂವತ್ತು ವರ್ಷದ ಹಿಂದೆ ಹೆದರಿಕೊಂಡಿದ್ದ ಮೀನಿನ ತೊಟ್ಟಿ ಕೊನೆಗೂ ಅವಳ ಮುಂದೆ ಬಂದು ಕೂತಿತ್ತು.

ಆಗ ಅವಳ ಕಣ್ಣಿಗೆ ಆ ಖಾಲಿ ಜಾಗ ಬಿತ್ತು. ಒಬ್ಬರ ಮೇಲೊಬ್ಬರು ಬೀಳುವ ಹಾಗೆ ಕಿಕ್ಕಿರಿದ ಜನರ ನಡುವೆ, ಏಳನೇ ಕಂಬಿಯ ಹಿಂದೆ, ಒಬ್ಬಳು ಹೆಂಗಸು ನಿಲ್ಲುವಷ್ಟು ಜಾಗ. ಹಿಂದಿನಿಂದ ನೂಕು ಬಂದಾಗಲೆಲ್ಲ ಸಿಡ್ ಎರಡೂ ಕೈಯನ್ನು ಕಂಬಿಗೆ ಊರಿ ಆ ಜಾಗವನ್ನು ಕಾಯುತ್ತಿದ್ದ. ಅವನಿಗೂ ಈಗ ಅರವತ್ತು ದಾಟಿತ್ತು. ಪಕ್ಕದಲ್ಲಿ ವಿಲ್ಫ್ ಆಟ ಬಿಟ್ಟು ಸ್ಟ್ಯಾಂಡಿನತ್ತ ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದ. ಅವಳನ್ನು ಕಂಡವನೇ ಟೋಪಿ ತೆಗೆದು ಬೀಸಿದ. ನಲವತ್ತು ಹೆಜ್ಜೆ ದೂರದಿಂದ ತುಟಿಗಳನ್ನು ದೊಡ್ಡದು ಮಾಡಿ, ಗಿರಣಿಯಲ್ಲಿ ಆಡಿದ ಹಾಗೆ ಆಡಿದ.

"ಎಲ್ಲಿ ಹೋಗಿದ್ದೆ ಹುಡುಗಿ? ನಿನ್ನ ಟಿಕೆಟ್ ನಾನೇ ತಗೊಂಡಿದೀನಿ. ಜಾಗ ಇಟ್ಟಿದೀವಿ. ಬಾ."

ಎಸ್ತರ್ ತಲೆಯಲ್ಲಾಡಿಸಿದಳು. "ಮಾತು ಕೊಟ್ಟಿದೀನಿ," ಎಂದು ತುಟಿಯಲ್ಲೇ ಹೇಳಿದಳು.

"ನಾವೂ ಸಿಡ್‌ಗೆ ಮಾತು ಕೊಟ್ಟಿದೀವಿ, ನೀನು ಬರ್ತೀಯ ಅಂತ. ಅವನ ಬೆನ್ನು ಮುರೀತಾ ಇದೆ!"

ಎಸ್ತರ್ ನಗಲು ಹೋದಳು, ಆಗಲಿಲ್ಲ. ಅಷ್ಟರಲ್ಲಿ ಗ್ಯಾಸ್ ಮೂಲೆಯ ಬಾಯಿಗಳೆಲ್ಲ ಒಟ್ಟಿಗೆ ತೆರೆದವು, ಮಫ್ಲರುಗಳು ತಲೆಯ ಮೇಲೇರಿದವು. ಅವಳು ಮಗಳ ತೋಳು ಹಿಡಿದು ಕೇಳಿದಳು.

"ಹಾಡ್ತಾ ಇದಾರೇನೆ?"

ಜಾನೆಟ್ ತಾಯಿಯ ಮುಖ ನೋಡಿದಳು. ಆ ಹಾಡು ಕಿವಿ ಗಡಚಿಕ್ಕುತ್ತಿತ್ತು. "ಹೌದಮ್ಮ, ಜೋರಾಗಿ. ಯಾಕೆ ಕೇಳ್ತೀಯ? ನಿಂಗೆ ಯಾವತ್ತು ಕೇಳಿಸ್ತಿತ್ತು?"

"ಅಲ್ಲಿ ಕೇಳಿಸ್ತಿತ್ತು."

"ಅಲ್ಲಿ ಅಂದ್ರೆ?"

ಎಸ್ತರ್ ತನ್ನೆರಡು ಅಂಗೈಗಳನ್ನು ಬಿಡಿಸಿ ಮಗಳಿಗೆ ತೋರಿಸಿದಳು. ಮೂವತ್ತು ವರ್ಷ ಬಚ್ಚಿಟ್ಟದ್ದನ್ನು ಒಂದೇ ಉಸಿರಿಗೆ ಹೇಳಿದಳು. ಕಂಬಿ, ಕಾಂಕ್ರೀಟು, ಪಕ್ಕದವರ ಪಕ್ಕೆ, ಕೂಗಿನ ಮುಂಚಿನ ಉಸಿರು. ಕಿವುಡರ ದನಿ ಅವರ ಅಂಕೆಯಲ್ಲಿರುವುದಿಲ್ಲ, ಸುತ್ತಲಿನ ಮೂರು ಸಾಲಿನವರೂ ತಿರುಗಿ ಕೇಳಿದರು. "ನಾನು ಆಟ ನೋಡೋಕೆ ಹೋಗ್ತಿದ್ದದ್ದಲ್ಲ ಕಣೆ. ಕೇಳೋಕೆ ಹೋಗ್ತಿದ್ದೆ," ಎಂದಳು.

ಜಾನೆಟ್ ಗ್ಯಾಸ್ ಮೂಲೆಯತ್ತ ತಿರುಗಿದಳು. ಅವಳ ಕಣ್ಣು ಏಳನೇ ಕಂಬಿಯ ಆ ಖಾಲಿ ಜಾಗದ ಮೇಲಿತ್ತು. ವಿಲ್ಫ್ ಹೇಳಿದ್ದನ್ನು ಅವಳೂ ತುಟಿ ನೋಡಿಯೇ ತಿಳಿದಿದ್ದಳು. ಆಟದ ಮಧ್ಯದ ವಿರಾಮಕ್ಕೆ ಸೀಟಿ ಊದಿದಾಗ ಅವಳು ಎದ್ದು, ತಾಯಿಗೆ ಬೂಟು ತೊಡಿಸಿ, ಊರುಗೋಲು ಕೈಗೆ ಕೊಟ್ಟಳು.

"ಏಳಮ್ಮ."

"ಮಾತು?"

"ಮಾತು ತಗೊಂಡವಳು ನಾನು. ವಾಪಸ್ ಕೊಡ್ತಾ ಇದೀನಿ. ಏಳು."

ಸ್ಟ್ಯಾಂಡಿಗೂ ಗ್ಯಾಸ್ ಮೂಲೆಗೂ ನಡುವೆ ಒಂದು ಗೇಟು. ಹಳದಿ ಕೋಟಿನ, ಪೊದೆ ಮೀಸೆಯ ಕಾವಲಿನವನೊಬ್ಬ ಅಡ್ಡ ನಿಂತಿದ್ದ.

"ಆ ಕಡೆ ಬಿಡೋ ಹಾಗಿಲ್ಲ ತಾಯಿ. ತಲೆ ಲೆಕ್ಕ ಇದೆ. ಒಬ್ಬರು ಜಾಸ್ತಿ ಆದ್ರೂ ನನ್ನ ಕೆಲಸ ಹೋಗತ್ತೆ."

"ಇವರ ತಲೆ ಆಗ್ಲೇ ಲೆಕ್ಕದಲ್ಲಿದೆ," ಎಂದಳು ಜಾನೆಟ್. "ಅಲ್ಲಿ ನೋಡಿ, ಟೋಪಿಯವರು. ಅವರ ಕೈಯಲ್ಲಿರೋದು ಇವರ ಟಿಕೆಟ್ಟು. ಅವರ ಪಕ್ಕದ ಜಾಗ ಕಾಣತ್ತಾ? ಅದು ಇವರದ್ದು."

ವಿಲ್ಫ್ ಟಿಕೆಟ್ಟನ್ನು ತಲೆಯ ಮೇಲೆ ಹಿಡಿದು ಆಡಿಸಿದ. ಕಾವಲಿನವನು ಟಿಕೆಟ್ ನೋಡಿದ, ಜಾಗ ನೋಡಿದ, ಊರುಗೋಲು ನೋಡಿದ. ಗೋಲಿನ ಹಿಂದೆ ಇನ್ನು ನಲವತ್ತೈದು ನಿಮಿಷ ಮಾತ್ರ ಬದುಕಿರುವ ಆ ಮೆಟ್ಟಿಲುಗಳನ್ನೂ ನೋಡಿರಬೇಕು. "ಆದ್ರೆ ಅಲ್ಲಿ ತನಕ ಹೇಗೆ ಹೋಗ್ತಾರೆ? ಇರುವೆ ಹೋಗೋಕೂ ದಾರಿಯಿಲ್ಲ," ಎಂದ. ಎನ್ನುತ್ತಲೇ ಚಿಲಕ ತೆಗೆದ.

ದಾರಿ ನಿಜಕ್ಕೂ ಇರಲಿಲ್ಲ. ಗೇಟಿನಿಂದ ಕೆಳಗೆ ಇಪ್ಪತ್ತು ಮೆಟ್ಟಿಲು, ಸೂಜಿ ಚುಚ್ಚಲೂ ಜಾಗವಿಲ್ಲದ ಜನ. ಎಸ್ತರ್ ಊರುಗೋಲೂರಿ ನಿಂತು, ಇಷ್ಟು ಹತ್ತಿರ ಬಂದದ್ದೇ ಹೆಚ್ಚು ಎಂದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಕೆಳಗಿದ್ದ ಸಿಡ್ ತಿರುಗಿ ಅವಳನ್ನು ನೋಡಿದ. ಅವನ ಬಾಯಿ ಗುಹೆಯಷ್ಟು ಅಗಲವಾಯಿತು. ಅವಳಿಗೆ ದನಿ ಕೇಳಲಿಲ್ಲ, ಆದರೆ ಆ ತುಟಿಗಳನ್ನು ಓದಲು ಮಗ್ಗದ ಮಾತು ಬರಬೇಕೆಂದೇನೂ ಇರಲಿಲ್ಲ.

"ಮಗು ಬಂತು! ಕೈ ಮೇಲೆ!"

ಕೈಗಳು ಎದ್ದವು. ಬೆಳೆ ಎದ್ದಂತೆ, ಇಪ್ಪತ್ತು ಮೆಟ್ಟಿಲುದ್ದಕ್ಕೂ. ಯಾರೋ ಇಬ್ಬರು ಅವಳ ಕಂಕುಳಿಗೆ ಕೈ ಕೊಟ್ಟರು, ಯಾರೋ ಕಾಲು ಹಿಡಿದರು. ಜಾನೆಟ್ ಬಿಳಿಚಿಕೊಂಡು, "ಸೊಂಟ! ಸೊಂಟ ಹುಷಾರು ಕಣ್ರಪ್ಪ!" ಎಂದು ಕೂಗಿದಳು. "ಸೊಂಟ ಹುಷಾರು" ಎಂಬುದು ಬಾಯಿಂದ ಬಾಯಿಗೆ ಎಸ್ತರಳಿಗಿಂತ ಮುಂಚೆ ಕೆಳಗೆ ಹೋಯಿತು. ಅರವತ್ತೆಂಟು ವರ್ಷದ ಹೆಂಗಸು, ಮೇಲುಕೋಟಿನ ಗುಂಡಿ ಹಾಕಿಕೊಂಡು, ಕೈಚೀಲವನ್ನು ಎದೆಗವಚಿಕೊಂಡು, ಐದು ಸಾವಿರ ಜನರ ತಲೆಯ ಮೇಲೆ ಅಂಗಾತ ಮಲಗಿ ಹೊರಟಳು.

ಒಂದೊಂದು ಅಂಗೈಯೂ ಬೆನ್ನಿಗೆ ಬೇರೆಬೇರೆಯಾಗಿ ತಾಗುತ್ತಿತ್ತು. ಒರಟು ಕೈ, ಬೆವೆತ ಕೈ, ಉಂಗುರದ ಕೈ, ನಡುಗುವ ಮುದಿ ಕೈ. ಒಂದೂ ಅವಸರ ಮಾಡಲಿಲ್ಲ. ಮುರಿದು ಕೂಡಿದ ಮೂಳೆಯಿದ್ದ ಕಡೆ ಪ್ರತಿ ಸಲವೂ ಎರಡು ಕೈ ಹೆಚ್ಚಾಗಿ ಬಂದವು. ಅವಳ ಪಕ್ಕೆಲುಬು ಮುರಿದ ಭಾರವೇ ಇದು, ಅದೇ ಈಗ ಅವಳನ್ನು ಮೊಟ್ಟೆ ಸಾಗಿಸಿದಂತೆ ಸಾಗಿಸುತ್ತಿತ್ತು. ಮೇಲೆ ತಗಡಿನ ಚಾವಣಿಯ ಅಂಚು ಮುಗಿದು ಆಕಾಶ ಕಂಡಿತು. 1933ರಲ್ಲಿ ಕಂಡ ಅದೇ ಬೂದು ಆಕಾಶ, ಒಂದಿಷ್ಟೂ ಬದಲಾಗಿರಲಿಲ್ಲ. ಎಸ್ತರ್ ಮಗುವಿನ ಹಾಗೆ ನಕ್ಕಳು.

ಸಿಡ್‌ನ ಕಪ್ಪು ಕೈಗಳು ಅವಳನ್ನು ಕೆಳಗಿಳಿಸಿದವು. "ಏನ್ ಭಾರ ಮಾರಾಯ್ತಿ, ಆಸನದಲ್ಲಿ ಕೂತು ಎಷ್ಟು ಪೈ ತಿಂದೆ?" ಎಂದ ಅವನು. ವಿಲ್ಫ್ ಪುದೀನಾ ಮಿಠಾಯಿಯ ಪೊಟ್ಟಣ ಚಾಚಿದ. ಅವನ ಗಡ್ಡ ಒದ್ದೆಯಾಗಿತ್ತು.

ಎಸ್ತರ್ ಕೈಗವಸು ತೆಗೆದು ಎರಡೂ ಅಂಗೈಯನ್ನು ಬಣ್ಣ ಎದ್ದುಹೋದ ಆ ಜಾಗದಲ್ಲಿಟ್ಟಳು. ಮೊದಲು ಬರೀ ತಣ್ಣಗೆ. ಆಟಗಾರರು ಮೈದಾನಕ್ಕಿಳಿದರು, ಹಿಂದೆ ಎಲ್ಲೋ ಮೇಲಿನ ಮೆಟ್ಟಿಲಲ್ಲಿ ಹಾಡು ಶುರುವಾಗಿರಬೇಕು. ಕಬ್ಬಿಣದಲ್ಲಿ ಸಣ್ಣಗೆ ಒಂದು ನಡುಕ ಬಂತು. ಅದು ದಪ್ಪವಾಯಿತು, ಮಣಿಕಟ್ಟಿಗೆ ಏರಿತು, ಮೊಣಕೈಗೆ, ಎದೆಗೆ. ಸಿಡ್‌ನ ಎದೆ ಬೆನ್ನಿಗೆ ಅದುರಿತು, ವಿಲ್ಫ್‌ನ ಪಕ್ಕೆ ತೋಳಿಗೆ ಅದುರಿತು. ಹಿಂದೆಂದೂ ಅವರು ಅಷ್ಟು ಗಟ್ಟಿಯಾಗಿ ಹಾಡಿರಲಿಲ್ಲ.

ಅವಳು ತಿರುಗಿ ಮೇಲೆ ನೋಡಿದಳು. ಸಾವಿರ ಮುಖಗಳಾಚೆ, ಗೇಟಿನ ಹತ್ತಿರ, ಅಮ್ಮನ ಊರುಗೋಲನ್ನು ಹಿಡಿದುಕೊಂಡು ಜಾನೆಟ್ ನಿಂತಿದ್ದಳು. ಬಾಲ್ಯದಲ್ಲಿ ಕಲಿತ ಮಗ್ಗದ ಮಾತಿನಲ್ಲಿ ತುಟಿ ಅಗಲಿಸಿ ಕೇಳಿದಳು.

"ಕೇಳಿಸ್ತಾ ಅಮ್ಮ?"

"ಎಲ್ಲಾ ಕೇಳಿಸ್ತಾ ಇದೆ ಕಣೆ," ಎಂದಿತು ಎಸ್ತರಳ ತುಟಿ. "ಸುಮ್ನೆ ನಿಲ್ಬೇಡ. ನೀನೂ ಹಾಡು."

ಜಾನೆಟ್ ಆಚೀಚೆ ನೋಡಿದಳು, ನಾಚಿಕೊಂಡಳು. ಆಮೇಲೆ ಅವಳ ಬಾಯಿ ತೆರೆಯಿತು. ಎಸ್ತರ್ ಅದನ್ನು ನೋಡಿದ ಕೂಡಲೇ ಮುಂದೆ ತಿರುಗಿ, ಕಣ್ಣು ಮುಚ್ಚಿ, ಎರಡೂ ಕೈಯಿಂದ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮೂವತ್ತು ವರ್ಷದಿಂದ ಕೇಳದಿದ್ದ ಮಗಳ ದನಿ ಅದರೊಳಗೆ ಎಲ್ಲೋ ಇತ್ತು.